ತಿರುಗಿ ಬರುವೆಯೆಂಬುದಕ್ಕೆ ಸಾಕ್ಷಿ ಏನು?

ಕಳ್ಳತನ ಮಾಡದವನನ್ನು ಎದುರಿಗೆ ನಿಲ್ಲಿಸಿಕೊಂಡು, "ಮುಂದೆ ನೀನು ಕಳ್ಳತನ ಮಾಡುವುದಿಲ್ಲವೆಂದು ರುಜುವಾತು ಮಾಡು" ಎಂದು ಕೇಳುವ ನ್ಯಾಯಸ್ಥಾನ ಲೋಕದಲ್ಲಿ ಎಲ್ಲಾದರೂ ಉಂಟೆ? ಹಾಗೆ ರುಜುವಾತು ಮಾಡಲು ಬಂದವನಿಂದ ಮೊದಲೇ ಒಂಬತ್ತು ಸಾವಿರ ರೂಪಾಯಿ ಕಟ್ಟಿಸಿಕೊಂಡು, ಕೊನೆಗೆ "ನಮಗೆ ನಂಬಿಕೆ ಬರಲಿಲ್ಲ" ಎಂದು ಒಂದು ಕಾಗದ ಕೈಗಿತ್ತು, ಕಟ್ಟಿದ ಹಣವನ್ನೂ ನುಂಗಿಕೊಳ್ಳುವ ನ್ಯಾಯಸ್ಥಾನ? ಉಂಟು. ಅದರ ಹೆಸರು ವೀಸಾ ಕಚೇರಿ. ಅಲ್ಲಿ ನ್ಯಾಯಾಧೀಶನ ಮುಖ ಕಾಣುವುದು ಅಪರೂಪ, ವಕೀಲನಿಗೆ ಪ್ರವೇಶವಿಲ್ಲ, ಆರೋಪ ಮಾತ್ರ ಎಲ್ಲರ ಮೇಲೂ ಒಂದೇ: ನೀನು ಹೋದರೆ ತಿರುಗಿ ಬರುವವನಲ್ಲ.

ಈ ಮಾತೆತ್ತಿದರೆ ನಮ್ಮವರೇ ಕೆಲವರು ಹುಬ್ಬೇರಿಸುತ್ತಾರೆಂದು ಬಲ್ಲೆವು. ತುಟ್ಟಿಭತ್ಯೆ, ಬೋನಸ್ಸು, ಗ್ರಾಚುಯಿಟಿಗಳ ಮಾತನ್ನು ಬದಿಗಿಟ್ಟು ಪಕ್ಷದ ಪತ್ರಿಕೆ ಫಾರಿನ್ ಪ್ರವಾಸದ ವಿಚಾರ ಬರೆಯಬಹುದೆ? ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಹೂವೆ? ಗಾದೆ ಹಳೆಯದು. ಯಾರು ಕಟ್ಟಿದರೋ ತಿಳಿಯದು. ಬಡವನ ಜುಟ್ಟನ್ನು ನೋಡಿ ಕಟ್ಟಿದ್ದೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಮಾಲೀಕರ ಮಗ ಬೇಸಗೆಯಲ್ಲಿ ಯೂರೋಪಿಗೆ ಹೋಗಿ ಬಂದರೆ ಅದು ಲೋಕಾನುಭವ. ಅವನ ಗಿರಣಿಯ ಕೆಲಸಗಾರ ಜೀವಮಾನದಲ್ಲೊಮ್ಮೆ ಹೋಗುತ್ತೇನೆಂದರೆ ಅದು ದುಂದು. ಈ ಎರಡು ಬಗೆಯ ತಕ್ಕಡಿಯನ್ನು ಗಿರಣಿಯೊಳಗೆ ನಾವು ಒಪ್ಪಲಿಲ್ಲ. ವಿಮಾನ ನಿಲ್ದಾಣದಲ್ಲಿ ಏಕೆ ಒಪ್ಪಬೇಕು?

ಕಳೆದ ವರ್ಷ ನಮ್ಮ ಊರಿನ ಇಬ್ಬರು ಗೆಳೆಯರು ಪಕ್ಷದ ಕಚೇರಿಗೆ ಬಂದರು. ಒಬ್ಬರು ಗಿರಣಿಯ ರಿಂಗ್ ಫ್ರೇಮ್ ಖಾತೆಯಲ್ಲಿ 31 ವರ್ಷ ದುಡಿದವರು, ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಇನ್ನೊಬ್ಬರು ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟವರು. ಒಂದೇ ಬೆಂಚಿನ ಮೇಲೆ ಕುಳಿತು ಓದಿದ ಜೋಡಿ. ಗಿರಣಿಯ ಗೆಳೆಯರು ಮೊದಲ ಇಪ್ಪತ್ತು ವರ್ಷ ನಿಂತು ದುಡಿದ ಯಂತ್ರದ ಮೈಮೇಲೆ ಯೂರೋಪಿನ ಒಂದು ಊರಿನ ಹೆಸರು ಎರಕದಲ್ಲಿ ಮೂಡಿತ್ತಂತೆ. ದಿನವೂ ಎಂಟು ಗಂಟೆ ಆ ಹೆಸರನ್ನು ನೋಡಿ ನೋಡಿ, ಒಮ್ಮೆ ಆ ಊರು ಹೇಗಿದೆಯೋ ಕಣ್ಣಾರೆ ಕಾಣಬೇಕೆಂಬ ಆಸೆ ಹುಟ್ಟಿತು. ಅಂಗಡಿಯ ಗೆಳೆಯರು ಜೊತೆಗೆ ಬರುತ್ತೇನೆಂದರು. ಹತ್ತು ದಿನದ ಪ್ರವಾಸ. ಇಬ್ಬರಿಗೂ ಸಮುದ್ರ ದಾಟುವುದು ಅದೇ ಮೊದಲು. ಊರಿನ ಹೆಸರನ್ನೂ ದೇಶದ ಹೆಸರನ್ನೂ ನಾವು ಇಲ್ಲಿ ಬರೆಯುವುದಿಲ್ಲ. ಅವರು ಮತ್ತೊಮ್ಮೆ ಅರ್ಜಿ ಹಾಕುವವರಿದ್ದಾರೆ.

ಹಿಂದೆ ಶಾಲೆಯಲ್ಲಿದ್ದವರಾದ್ದರಿಂದ ಊರಿನವರ ಅರ್ಜಿ ಬರೆಯುವ ಕೆಲಸ ಇಂದಿಗೂ ನಮ್ಮ ತಲೆಗೇ ಕಟ್ಟಿದೆ. ಪಾಸ್‌ಪೋರ್ಟಿನ ಮಟ್ಟಿಗೆ ಹೇಳುವುದಾದರೆ, ನಮ್ಮ ಸರ್ಕಾರವನ್ನು ಹೊಗಳಬೇಕಾದ ಅಪರೂಪದ ಸಂದರ್ಭ ಬಂತು. 2017ರಿಂದೀಚೆಗೆ ದೊಡ್ಡ ಅಂಚೆ ಕಚೇರಿಗಳಲ್ಲೇ ಪಾಸ್‌ಪೋರ್ಟು ಕೇಂದ್ರಗಳನ್ನು ತೆರೆದಿದ್ದಾರೆ. 1500 ರೂಪಾಯಿ ಶುಲ್ಕ. ಪೊಲೀಸ್ ವಿಚಾರಣೆ ಮುಗಿದ ಮೇಲೆ ಪುಸ್ತಕ ಅಂಚೆಯಲ್ಲಿ ಮನೆಗೇ ಬರುತ್ತದೆ. ತೊಂದರೆ ಕೊಟ್ಟದ್ದು ಹೆಸರು. ನಮ್ಮ ಕಡೆ ಹೆಸರಿನ ಮುಂದೆ ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ. ಅವರ ನಮೂನೆಯಲ್ಲಿ ಮನೆತನದ ಹೆಸರಿಗೊಂದು ಕೋಣೆ, ಇಟ್ಟ ಹೆಸರಿಗೊಂದು ಕೋಣೆ. ಆಧಾರಿನಲ್ಲಿ ಒಂದು ರೀತಿ, ಬ್ಯಾಂಕಿನಲ್ಲಿ ಒಂದು ರೀತಿ, ಗಿರಣಿಯ ಹಾಜರಿ ಪುಸ್ತಕದಲ್ಲಿ ಮತ್ತೊಂದು. ಇದು ಸಣ್ಣ ವಿಷಯವೆಂದು ಯಾರೂ ಭಾವಿಸಬಾರದು. 2022ರ ನವೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನದವರು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಹೇಳಿಬಿಟ್ಟರು. ಆಮೇಲೆ ಪುಸ್ತಕದಲ್ಲಿ ತಂದೆಯ ಹೆಸರಿದ್ದರೆ ಆಗಬಹುದೆಂದು ಸಡಿಲಿಸಿದರು. ಹುಟ್ಟಿದ ತಾರೀಖಿನ ಕಥೆಯೂ ಅಷ್ಟೇ. ನಮ್ಮ ಹಿರಿಯರಲ್ಲಿ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಮಗುವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖು ಅದು. ಯೂರೋಪಿನ ಗುಮಾಸ್ತನಿಗೆ ಇದನ್ನು ಹೇಗೆ ತಿಳಿಸುವುದು?

ಇನ್ನು ವೀಸಾದ ಅರ್ಜಿ. ಯೂರೋಪಿನ 29 ದೇಶಗಳು ಸೇರಿ ಷೆಂಗೆನ್ ಎಂಬ ಒಂದೇ ಬೇಲಿ ಹಾಕಿಕೊಂಡಿವೆ. ಒಳಗೆ ನುಗ್ಗಿದರೆ ದೇಶದಿಂದ ದೇಶಕ್ಕೆ ತಡೆಯಿಲ್ಲ; ನುಗ್ಗುವುದೇ ಕಷ್ಟ. ಶುಲ್ಕ 2024ರ ಜೂನ್‌ನಿಂದ 90 ಯೂರೋ. ಯೂರೋ ಒಂದಕ್ಕೆ ನೂರು ರೂಪಾಯಿ ಎಂದು ಹಿಡಿದರೆ 9000. ಅದರ ಮೇಲೆ ಅರ್ಜಿ ತೆಗೆದುಕೊಳ್ಳುವ ಖಾಸಗಿ ಕಂಪನಿಯ ಸೇವಾಶುಲ್ಕ ಬೇರೆ. ಹೌದು, ಒಂದು ರಾಷ್ಟ್ರದ ಬಾಗಿಲು ಕಾಯುವ ಕೆಲಸದಲ್ಲಿ ಅರ್ಧ ಗುತ್ತಿಗೆಗೆ ಹೋಗಿದೆ! ಗಿರಣಿಯಲ್ಲಿ ಖಾಯಂ ಕೆಲಸವನ್ನು ಗುತ್ತಿಗೆಗೆ ಕೊಡುವುದನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಕಾಣಿಸದು. ಕಂಪನಿಯವನನ್ನು ಕೇಳಿದರೆ "ತೀರ್ಮಾನ ನಮ್ಮದಲ್ಲ, ರಾಯಭಾರ ಕಚೇರಿಯದು" ಎನ್ನುತ್ತಾನೆ. ರಾಯಭಾರ ಕಚೇರಿಗೆ ಬರೆದರೆ "ಕಂಪನಿಯನ್ನು ವಿಚಾರಿಸಿ" ಎಂಬ ಉತ್ತರ. ಮಸ್ಟರ್ ರೋಲಿನಲ್ಲಿ ಹೆಸರಿಲ್ಲದ ಗುತ್ತಿಗೆ ಕಾರ್ಮಿಕನಿಗೆ ಮಾಲೀಕನೂ ಮೇಸ್ತ್ರಿಯೂ ಹೇಳುವ ಉತ್ತರವೇ ಅದು.

ಹೋಗಿಬರುವ ಟಿಕೀಟಿನ ಕಾಯ್ದಿರಿಸಿಕೆ, ಪ್ರತಿ ರಾತ್ರಿಯೂ ತಂಗುವ ಹೋಟೆಲಿನ ಚೀಟಿ, 30,000 ಯೂರೋ ಮೊತ್ತದ ಆರೋಗ್ಯ ವಿಮೆ, ಬ್ಯಾಂಕಿನ ಮೊಹರಿನೊಡನೆ ಮೂರು ತಿಂಗಳ ಲೆಕ್ಕ, ಆದಾಯ ತೆರಿಗೆಯ ಕಾಗದ, ಸಂಬಳದ ಚೀಟಿ, ಧಣಿಯಿಂದ ರಜೆ ಮಂಜೂರಾತಿ ಪತ್ರ. ಬೆರಳಚ್ಚು ಕೊಡಲು ಸ್ವತಃ ಬೆಂಗಳೂರಿಗೆ ಹೋಗಬೇಕು. ಒಂದು ದಿನದ ಪಾಳಿ ಹೋಯಿತು, ಬಸ್ಸಿನ ಖರ್ಚು ಹೋಯಿತು. ಬೆರಳಚ್ಚು ಒಮ್ಮೆ ಕೊಟ್ಟರೆ 59 ತಿಂಗಳು ನಡೆಯುತ್ತದೆಯಂತೆ; ಆದ್ದರಿಂದ ಮತ್ತೆ ಮತ್ತೆ ಹೋಗುವವನಿಗೆ ಈ ಪ್ರಯಾಣ ಕಡಿಮೆ, ಮೊದಲ ಸಲದವನಿಗೆ ತಪ್ಪಿದ್ದಲ್ಲ.

ಈ ಕಾಗದಗಳ ಪಟ್ಟಿಯನ್ನು ನಮ್ಮ ಸಣ್ಣ ವ್ಯಾಪಾರಿಗಳು ಗಮನವಿಟ್ಟು ನೋಡಬೇಕು. ನಿಮ್ಮ ಆಸ್ತಿ ಎಲ್ಲಿದೆ? ಮೊಳೆಯ ಡಬ್ಬಿಗಳಲ್ಲಿದೆ, ಅಕ್ಕಿಯ ಮೂಟೆಗಳಲ್ಲಿದೆ, ಉದ್ರಿ ಪುಸ್ತಕದಲ್ಲಿದೆ, ಚೀಟಿಯಲ್ಲಿದೆ, ಹೆಂಡತಿಯ ಕೊರಳಲ್ಲಿದೆ. ಗಲ್ಲಾಕ್ಕೆ ಬಂದ ಹಣ ಸಂಜೆಗೆ ಮಂಡಿಯವನಿಗೆ ಹೋಗುತ್ತದೆ. ಇಡೀ ಪೇಟೆ ನಿಮ್ಮ ಮಾತಿನ ಮೇಲೆ ಲಕ್ಷಾಂತರ ಸರಕು ಕೊಡುತ್ತದೆ. ವೀಸಾ ಕಚೇರಿಗೆ ಮಾತ್ರ ಇದೊಂದೂ ಕಾಣುವುದಿಲ್ಲ. ಕಾಣುವುದು ತಿಂಗಳ ಕೊನೆಯಲ್ಲಿ ಬ್ಯಾಂಕಿನಲ್ಲಿ ಉಳಿದ ಅಂಕಿ. ಫ್ರಾನ್ಸಿನವರು ಹೋಟೆಲ್ ಗೊತ್ತುಮಾಡಿಕೊಂಡವನಿಗೆ ದಿನಕ್ಕೆ 65 ಯೂರೋ, ಗೊತ್ತುಮಾಡಿಕೊಳ್ಳದವನಿಗೆ 120 ಯೂರೋ ಇರಬೇಕೆಂದು ಗೊತ್ತುಪಡಿಸಿದ್ದಾರೆ. ಅಷ್ಟು ಹಣವನ್ನು ಭಾವಮೈದುನನಿಂದ ಕೈಗಡ ತಂದು ಖಾತೆಗೆ ತುಂಬಿದಿರೋ, "ಇದ್ದಕ್ಕಿದ್ದಂತೆ ಹಣ ಎಲ್ಲಿಂದ ಬಂತು?" ಎಂದು ಸಂಶಯ. ತುಂಬದಿದ್ದರೆ "ಹಣ ಸಾಲದು". ಅತ್ತ ದರಿ, ಇತ್ತ ಪುಲಿ.

ಗಿರಣಿ ಕೆಲಸಗಾರನ ಗತಿ ಇನ್ನೂ ವಿಚಿತ್ರ. ಮೂವತ್ತೊಂದು ವರ್ಷದ ದುಡಿಮೆ ಪ್ರಾವಿಡೆಂಟ್ ಫಂಡಿನಲ್ಲಿ ಕುಳಿತಿದೆ. ಕೈಯಲ್ಲಿಲ್ಲದ ಆ ಹಣ ಬ್ಯಾಂಕಿನ ಲೆಕ್ಕದಲ್ಲಿ ತೋರದು. ಸಂಬಳ ತೆರಿಗೆಯ ಮಿತಿಗಿಂತ ಕಡಿಮೆಯಿದ್ದರೆ ಆದಾಯ ತೆರಿಗೆಯ ಕಾಗದವೂ ಇರುವುದಿಲ್ಲ. ಅಂದರೆ, ಸರ್ಕಾರವೇ "ನೀನು ತೆರಿಗೆ ಕಟ್ಟುವಷ್ಟು ಉಳ್ಳವನಲ್ಲ" ಎಂದು ಬಿಟ್ಟುಕೊಟ್ಟದ್ದು ಪರದೇಶದ ಮೇಜಿನ ಮೇಲೆ ಅಪರಾಧವಾಗಿ ಕೂರುತ್ತದೆ.

ನಮ್ಮ ಇಬ್ಬರು ಗೆಳೆಯರ ಅರ್ಜಿಗಳು ಒಂದೇ ದಿನ ಹೋದವು. ಒಂದೇ ವಿಮಾನ, ಒಂದೇ ಹೋಟೆಲು, ಒಂದೇ ಕೋಣೆ, ಒಂದೇ ತಿರುಗುವ ತಾರೀಖು. ಅಂಗಡಿಯ ಗೆಳೆಯರಿಗೆ ವೀಸಾ ಬಂತು. ಬೆಂಗಳೂರಿನಲ್ಲಿ ದೊಡ್ಡ ಸಂಬಳಕ್ಕಿರುವ ಮಗ ಖರ್ಚು ನನ್ನದೆಂದು ಪತ್ರ ಕೊಟ್ಟಿದ್ದ. ಗಿರಣಿಯ ಗೆಳೆಯರಿಗೆ ಬಂದದ್ದು ಅಚ್ಚು ಹಾಕಿದ ಒಂದು ನಮೂನೆ, ಅದರಲ್ಲಿ ಒಂದು ಚೌಕದೊಳಗೆ ಗುರುತು: ವೀಸಾದ ಅವಧಿ ಮುಗಿಯುವ ಮುನ್ನ ನೀವು ದೇಶ ಬಿಟ್ಟು ಹೋಗುವಿರೆಂಬ ಬಗ್ಗೆ ನಮಗೆ ಸಕಾರಣ ಸಂದೇಹವಿದೆ. ಯಾವ ಕಾರಣ? ಬರೆದಿಲ್ಲ. ನಿವೃತ್ತಿಯ ಹಣ ಇಲ್ಲಿ, ಸ್ವಂತ ಮನೆ ಇಲ್ಲಿ, ಹೆಂಡತಿ ಇಲ್ಲಿ, ಮಗಳ ಬಾಣಂತನ ಇಲ್ಲಿ. ಇಷ್ಟನ್ನು ಬಿಟ್ಟು ಐವತ್ತೇಳು ವರ್ಷದ ಮನುಷ್ಯ, ಭಾಷೆ ಬಾರದ, ಹಿಮ ಬೀಳುವ ಊರಿನಲ್ಲಿ ಕದ್ದು ಕುಳಿತು ಏನು ಮಾಡಬೇಕಿತ್ತು? ಅಂಗಡಿಯ ಗೆಳೆಯರು ಒಬ್ಬರೇ ಹೋಗಲು ಒಪ್ಪಲಿಲ್ಲ. ಎರಡು ಶುಲ್ಕ, ಎರಡು ಸೇವಾಶುಲ್ಕ, ಎರಡು ವಿಮೆ, ಟಿಕೀಟಿನ ಹಣದಲ್ಲಿ ಒಂದು ಪಾಲು, ಎಲ್ಲವೂ ಹೋಯಿತು. ಯಂತ್ರ ಮಾತ್ರ ಆ ಊರಿನಿಂದ ಈ ಊರಿಗೆ ಯಾವ ಚೌಕದ ಗುರುತೂ ಇಲ್ಲದೆ ಬಂದಿತ್ತು.

ಇದು ಒಬ್ಬಿಬ್ಬರ ಪಾಡಲ್ಲ. 2024ರಲ್ಲಿ ಭಾರತದಿಂದ 11 ಲಕ್ಷಕ್ಕೂ ಹೆಚ್ಚು ಷೆಂಗೆನ್ ಅರ್ಜಿಗಳು ಹೋದವು. ಒಂದೂವರೆ ಲಕ್ಷಕ್ಕೂ ಹೆಚ್ಚು ತಿರಸ್ಕೃತವಾದವು. ಒಂದೂವರೆ ಲಕ್ಷವನ್ನೇ ಹಿಡಿದು, ಎಲ್ಲರೂ ಪೂರ್ತಿ ಶುಲ್ಕ ಕಟ್ಟಿದರೆಂದು ಲೆಕ್ಕ ಹಾಕಿದರೆ 1 ಕೋಟಿ 35 ಲಕ್ಷ ಯೂರೋ, ನಮ್ಮ ಹಣದಲ್ಲಿ 135 ಕೋಟಿ ರೂಪಾಯಿ. ಮಕ್ಕಳಿಗೆ ಅರ್ಧ ಶುಲ್ಕ, ಆರು ವರ್ಷದೊಳಗಿನವರಿಗೆ ಇಲ್ಲವೆಂಬ ಕಾರಣಕ್ಕೆ ಒಂದಿಷ್ಟು ಕಳೆಯಿರಿ. ಆದರೂ, ಏನನ್ನೂ ಕೊಡದೆ ತೆಗೆದುಕೊಂಡ ಹಣವಲ್ಲವೆ ಇದು? ತೂಕದಲ್ಲಿ ಹತ್ತು ಗ್ರಾಂ ಕಡಿಮೆ ಕೊಟ್ಟ ಅಂಗಡಿಯವನ ಮೇಲೆ ಕೇಸು ಹಾಕುತ್ತಾರೆ. ಇಲ್ಲಿ ಸರಕನ್ನೇ ಕೊಡದೆ ಬಿಲ್ಲು ವಸೂಲು! ಜರ್ಮನಿಯಲ್ಲಿ ತಿರಸ್ಕೃತನಾದವನು ಖರ್ಚಿಲ್ಲದೆ ಒಂದು ತಕರಾರು ಪತ್ರ ಬರೆದು ಮರುಪರಿಶೀಲನೆ ಕೇಳುವ ಪದ್ಧತಿಯಿತ್ತು. 2025ರ ಜುಲೈ 1ರಿಂದ ಅದನ್ನೂ ಎತ್ತಿಬಿಟ್ಟರು. ಇನ್ನು ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕು, ಇಲ್ಲವೆ ಬರ್ಲಿನ್ನಿನ ನ್ಯಾಯಾಲಯಕ್ಕೆ ಹೋಗಬೇಕು. ಬರ್ಲಿನ್ನಿಗೆ ಹೋಗಲು ವೀಸಾ ಸಿಗದವನು ಬರ್ಲಿನ್ನಿನಲ್ಲಿ ದಾವೆ ಹೂಡಬೇಕಂತೆ!

ಅಮೆರಿಕದವರು ಇನ್ನೂ ನೇರ ಜನ. 1952ರ ಅವರ ಕಾನೂನಿನಲ್ಲೇ ಬರೆದಿದೆ: ಪ್ರವಾಸಕ್ಕೆ ಬರುತ್ತೇನೆನ್ನುವ ಪ್ರತಿಯೊಬ್ಬನನ್ನೂ ಅಲ್ಲೇ ನೆಲೆಸಲು ಬಂದವನೆಂದೇ ಭಾವಿಸತಕ್ಕದ್ದು, ಅಲ್ಲವೆಂದು ತೋರಿಸುವ ಹೊಣೆ ಅವನದೇ. 185 ಡಾಲರು ಕಟ್ಟಿ, ಚೆನ್ನೈಗೋ ಹೈದರಾಬಾದಿಗೋ ಹೋಗಿ, ಗಾಜಿನ ಕಿಂಡಿಯ ಮುಂದೆ ಕೆಲವು ನಿಮಿಷ ನಿಂತರೆ ತೀರ್ಮಾನ. ಅಪೀಲಿಲ್ಲ.

ಈ ವಿದ್ಯೆ ಇಂದಿನದಲ್ಲ. ಕೆನಡಾದವರು 1908ರಲ್ಲೇ ಎರಡು ಉಪಾಯ ಹೂಡಿದರು. ಏಷ್ಯದಿಂದ ಬರುವವನ ಕೈಯಲ್ಲಿ 200 ಡಾಲರ್ ಇರಬೇಕು. ಹುಟ್ಟಿದ ದೇಶದಿಂದ ಎಲ್ಲೂ ಹಡಗು ಬದಲಿಸದೆ ನೇರವಾಗಿ ಬಂದಿರಬೇಕು. ಭಾರತದಿಂದ ನೇರ ಹಡಗೇ ಇರಲಿಲ್ಲ. "ಭಾರತೀಯರಿಗೆ ಪ್ರವೇಶವಿಲ್ಲ" ಎಂದು ಬರೆಯಲು ನಾಚಿಕೆ. ಆದ್ದರಿಂದ ಹಡಗಿನ ನಿಯಮ. 1914ರಲ್ಲಿ ಗುರ್‌ದಿತ್ ಸಿಂಗರು ಕೊಮಗಾಟ ಮಾರು ಎಂಬ ಹಡಗನ್ನೇ ಗೊತ್ತುಮಾಡಿಕೊಂಡು 376 ಜನರನ್ನು ವ್ಯಾಂಕೂವರಿಗೆ ಒಯ್ದರು. ಎರಡು ತಿಂಗಳು ದಡ ಕಾಣುವಷ್ಟು ದೂರದಲ್ಲಿ ಹಡಗನ್ನು ನಿಲ್ಲಿಸಿ, 24 ಜನರನ್ನು ಮಾತ್ರ ಇಳಿಯಗೊಟ್ಟು, ಉಳಿದವರನ್ನು ಹಿಂದಕ್ಕಟ್ಟಿದರು. ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಬಳಿ ಬಜ್ ಬಜ್‌ನಲ್ಲಿ ಇಳಿದಾಗ ಬ್ರಿಟಿಷ್ ಸರ್ಕಾರದ ಗುಂಡು ಅವರನ್ನು ಎದುರುಗೊಂಡಿತು. ಕೆನಡಾದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ. ಕ್ಷಮೆಗೆ 102 ವರ್ಷ ಹಿಡಿಯಿತು. ಅಂದಿನ 200 ಡಾಲರ್ ಇಂದು ಮೂರು ತಿಂಗಳ ಬ್ಯಾಂಕ್ ಲೆಕ್ಕವಾಗಿದೆ, ಅಷ್ಟೇ.

ಮೊದಲ ಸಲ ಹೋಗುವವನಿಗೇ ಪೆಟ್ಟು ಹೆಚ್ಚೆಂದು ನಾವು ಹೇಳಿದ್ದಕ್ಕೆ ಅವರ ನಿಯಮವೇ ಸಾಕ್ಷಿ. 2024ರ ಏಪ್ರಿಲಿನಲ್ಲಿ ಯೂರೋಪಿನವರು ಭಾರತೀಯರಿಗೆ ದೊಡ್ಡ ಉಪಕಾರ ಮಾಡಿದೆವೆಂದು ಸಾರಿದರು: ಮೂರು ವರ್ಷದೊಳಗೆ ಎರಡು ಸಲ ವೀಸಾ ಪಡೆದು ಸರಿಯಾಗಿ ಹೋಗಿ ಬಂದವನಿಗೆ ಎರಡು ವರ್ಷದ ವೀಸಾ, ಎಷ್ಟು ಸಲ ಬೇಕಾದರೂ ಹೋಗಬಹುದು. ಸಂತೋಷ. ಆದರೆ ಆ ಮೊದಲ ವೀಸಾ ಕೊಡುವವರು ಯಾರು? ಈಜು ಕಲಿತ ಮೇಲೆ ನೀರಿಗಿಳಿ ಎಂದಂತಾಯಿತು. ಬರಿ ಹಾಳೆಯ ಪಾಸ್‌ಪೋರ್ಟು ಎಂದರೆ ಪ್ರಾಮಾಣಿಕನ ಪಾಸ್‌ಪೋರ್ಟು. ಅವನು ಯಾವ ದೇಶದಲ್ಲೂ ಒಂದು ದಿನವೂ ಹೆಚ್ಚು ನಿಂತಿಲ್ಲ. ಅದನ್ನೇ ಅವನ ವಿರುದ್ಧ ಓದುತ್ತಾರೆ.

ಇನ್ನು ನಮ್ಮ ದೊರೆಗಳು. ಭಾರತೀಯನಿಗೆ ಹೊರದೇಶಕ್ಕೆ ಹೋಗುವ ಹಕ್ಕಿದೆ, ಅದು ಸಂವಿಧಾನದ 21ನೆಯ ವಿಧಿಯ ಸ್ವಾತಂತ್ರ್ಯಕ್ಕೆ ಸೇರಿದ್ದೆಂದು ಸುಪ್ರೀಂ ಕೋರ್ಟು 1967ರಲ್ಲಿ ತೀರ್ಪಿತ್ತ ಮೇಲೆಯೇ ಪಾಸ್‌ಪೋರ್ಟಿಗೊಂದು ಸರಿಯಾದ ಕಾನೂನು ಬಂದದ್ದು. ಅಲ್ಲಿಯವರೆಗೆ ಕೊಡುವುದೂ ಬಿಡುವುದೂ ಸರ್ಕಾರದ ಮರ್ಜಿ. ಈಗಲೂ ಆ ಮರ್ಜಿಯ ಒಂದು ತುಂಡು ಉಳಿದಿದೆ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೆಯ ತರಗತಿ ಪಾಸಾಗದವನ ಪಾಸ್‌ಪೋರ್ಟು ಬೇರೆ ವರ್ಗದ್ದು. 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಅವನಿಗೆ ಸರ್ಕಾರದ ಅಪ್ಪಣೆ ಬೇಕು. ಮೋಸಗಾರ ಏಜೆಂಟರಿಂದ ಬಡವನನ್ನು ಕಾಪಾಡಲು ಮಾಡಿದ್ದೆನ್ನುತ್ತಾರೆ, ಉದ್ದೇಶ ಸುಳ್ಳಲ್ಲ. ಆದರೆ ಓದಿಲ್ಲದವನೂ ಆದಾಯ ತೆರಿಗೆ ಕಟ್ಟುವಷ್ಟು ಹಣವಂತನಾದರೆ ಈ ಮುದ್ರೆಯಿಲ್ಲ! ಹಣವಿದ್ದರೆ ಮೋಸ ಹೋಗುವುದಿಲ್ಲವೆ? ಪ್ರವಾಸಕ್ಕೆ ಹೋಗುವವನಿಗೆ ಈ ಅಪ್ಪಣೆ ಬೇಕಿಲ್ಲವೆಂದು ಕಾನೂನು ಹೇಳಿದರೂ, ಮುದ್ರೆ ಕಂಡ ಅಧಿಕಾರಿ ಎರಡು ಪ್ರಶ್ನೆ ಹೆಚ್ಚು ಕೇಳದೆ ಬಿಡುವನೆ? ಸಾಲದೆಂದು 2018ರ ಜನವರಿಯಲ್ಲಿ, ಇಂಥವರಿಗೆ ಕಿತ್ತಳೆ ಬಣ್ಣದ ಬೇರೆಯೇ ಪಾಸ್‌ಪೋರ್ಟು ಕೊಡುತ್ತೇವೆಂದು ಹೊರಟಿದ್ದರು. ಓದದವನನ್ನು ದೂರದಿಂದಲೇ ಗುರುತಿಸಲು! ದೇಶದಲ್ಲೆಲ್ಲ ಛೀಮಾರಿಯಾದ ಮೇಲೆ ಅದೇ ತಿಂಗಳು ಕೈಬಿಟ್ಟರು. ಬಣ್ಣ ಬಿಟ್ಟರು, ವರ್ಗ ಬಿಡಲಿಲ್ಲ.

ಇನ್ನೊಂದು ವರ್ಗದ ಪಾಸ್‌ಪೋರ್ಟೂ ಇದೆ. 2024ರ ಏಪ್ರಿಲಿನಲ್ಲಿ ಹಾಸನದ ಅಂದಿನ ಲೋಕಸಭಾ ಸದಸ್ಯರು ಮತದಾನ ಮುಗಿದೊಡನೆ ಜರ್ಮನಿಗೆ ಹಾರಿದ್ದನ್ನು ಓದುಗರು ಮರೆತಿರಲಾರರು. ಅವರು ವೀಸಾ ಪಡೆದದ್ದು ಹೇಗೆಂದು ಕೇಳಿದ್ದಕ್ಕೆ ವಿದೇಶಾಂಗ ಇಲಾಖೆ ಕೊಟ್ಟ ಉತ್ತರ: ರಾಜತಾಂತ್ರಿಕ ಪಾಸ್‌ಪೋರ್ಟು ಇರುವವರಿಗೆ ಜರ್ಮನಿಗೆ ವೀಸಾ ಬೇಕಿಲ್ಲ. ಬ್ಯಾಂಕಿನ ಲೆಕ್ಕವಿಲ್ಲ, ರಜೆ ಚೀಟಿಯಿಲ್ಲ, ತಿರುಗಿ ಬರುವೆಯಾ ಎಂಬ ಪ್ರಶ್ನೆಯಿಲ್ಲ. ತಿಂಗಳು ಕಳೆದು ಬಂದರು. 2025ರ ಆಗಸ್ಟಿನಲ್ಲಿ ಅತ್ಯಾಚಾರದ ಮೊಕದ್ದಮೆಯಲ್ಲಿ ವಿಶೇಷ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2016ರ ಮಾರ್ಚಿನಲ್ಲಿ ಬ್ಯಾಂಕುಗಳಿಗೆ ಸಾವಿರಾರು ಕೋಟಿ ಬಾಕಿ ಇಟ್ಟು ಲಂಡನ್ನಿಗೆ ಹೋದ ವಿಜಯ ಮಲ್ಯರ ಜೇಬಿನಲ್ಲಿದ್ದದ್ದೂ ರಾಜ್ಯಸಭಾ ಸದಸ್ಯರ ರಾಜತಾಂತ್ರಿಕ ಪಾಸ್‌ಪೋರ್ಟೇ. ತಿರುಗಿ ಬಾರದವರು ಯಾರು, ಬರುವವರು ಯಾರು ಎಂಬುದನ್ನು ರಿಂಗ್ ಫ್ರೇಮಿನ ಕೆಲಸಗಾರನಿಂದ ಕಲಿಯಬೇಕಾಗಿಲ್ಲ.

ಹಣಕ್ಕಂತೂ ಗಡಿಯೇ ಇಲ್ಲ. ನಮ್ಮಲ್ಲಿ ಒಬ್ಬನು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಹೊರಗೆ ಕಳುಹಿಸಲು ರಿಸರ್ವ್ ಬ್ಯಾಂಕಿನ ಯೋಜನೆಯಲ್ಲಿ ಅವಕಾಶವಿದೆ. ಆ ಡಾಲರು ತಿರುಗಿ ಬರುತ್ತದೆಯೇ ಎಂದು ಯಾವ ಗುಮಾಸ್ತನೂ ಕೇಳುವುದಿಲ್ಲ. ಹೊರಗಿನ ಬಂಡವಾಳ ನಮ್ಮ ಜವಳಿ ಉದ್ಯಮಕ್ಕೆ ನೂರಕ್ಕೆ ನೂರು ಪಾಲು ಹಾಕಬಹುದು, ಸರ್ಕಾರದ ಮುನ್ನಪ್ಪಣೆಯೂ ಬೇಡ. ಗ್ರೀಸಿನವರು 2013ರಿಂದ ಮನೆ ಕೊಂಡವನಿಗೆ ವಾಸದ ಪರವಾನಗಿಯನ್ನೇ ಮಾರಿದರು. ಅಮೆರಿಕದವರು 2025ರಲ್ಲಿ ಹತ್ತು ಲಕ್ಷ ಡಾಲರಿಗೆ ಚಿನ್ನದ ಕಾರ್ಡೆಂಬುದನ್ನು ಹೊರಡಿಸಿದರು. ಅಲ್ಲೇ ನೆಲೆಸುತ್ತೇನೆನ್ನುವ ಕೋಟ್ಯಧಿಪತಿಗೆ ಸ್ವಾಗತ. ಹತ್ತು ದಿನ ನೋಡಿ ಬರುತ್ತೇನೆನ್ನುವ ಕೆಲಸಗಾರನಿಗೆ ಬಾಗಿಲು.

"ನಮ್ಮ ಜನರೇ ಹೋಗಿ ಕದ್ದು ಉಳಿಯುತ್ತಾರೆ, ಅವರನ್ನೇಕೆ ದೂರುತ್ತೀರಿ?" ಎನ್ನುವವರಿಗೂ ಉತ್ತರ ಕೊಡಬೇಕು. ಉಳಿಯುವವರು ಇದ್ದಾರೆ, ಇಲ್ಲವೆಂದು ನಾವು ಹೇಳೆವು. ಉಳಿದವನನ್ನು ಹಿಡಿದು ಹಿಂದಕ್ಕೆ ಕಳುಹಿಸಿ, ಬೇಡವೆಂದವರಾರು? ಅವನ ಪಾಪದ ಲೆಕ್ಕವನ್ನು ಹೋಗದವನ ಮೇಲೆ ಬರೆಯಬೇಡಿ. ಥಾಯ್ಲೆಂಡಿನವರು 2023ರ ನವೆಂಬರಿನಲ್ಲಿ, ಮಲೇಷ್ಯಾದವರು ಡಿಸೆಂಬರಿನಲ್ಲಿ ಭಾರತೀಯ ಪ್ರವಾಸಿಗಳಿಗೆ ವೀಸಾವನ್ನೇ ಎತ್ತಿದರು. ನಮ್ಮ ಜನ ಹೋದರು, ನೋಡಿದರು, ಖರ್ಚು ಮಾಡಿ ಬಂದರು. ಆ ದೇಶಗಳೇನೂ ಮುಳುಗಲಿಲ್ಲ. ನೇಪಾಳಕ್ಕೆ ಮತದಾರರ ಚೀಟಿ ತೋರಿಸಿ ಹೋಗುತ್ತೇವೆ. ಹಾಗೆಂದು ನಮ್ಮ ಸರ್ಕಾರ ಸಾಧುವೂ ಅಲ್ಲ. ಯೂರೋಪಿನ ಪ್ರವಾಸಿ 2014ರ ನಂತರ ಹಂತಹಂತವಾಗಿ ಮನೆಯಲ್ಲಿ ಕುಳಿತೇ ಭಾರತದ ವೀಸಾ ಪಡೆಯುವ ಸೌಕರ್ಯ ಗಳಿಸಿಕೊಂಡಿದ್ದಾನೆ. ಪಕ್ಕದ ಬಾಂಗ್ಲಾದೇಶದ ಪ್ರವಾಸಿಗೆ ಆ ಸೌಕರ್ಯವಿಲ್ಲ, ಅವನು ಕಿಂಡಿಯ ಮುಂದೆ ಸಾಲು ನಿಲ್ಲಬೇಕು. ಬಿಳಿಯ ಪ್ರವಾಸಿಗೆ ಕೈಮುಗಿದು, ಬಡ ನೆರೆಯವನಿಗೆ ಬೆನ್ನು ತಿರುಗಿಸಿ, ಆಮೇಲೆ ನಮಗೆ ಅವಮಾನವಾಯಿತೆಂದು ಅಳುವುದು ಚೆಂದವಲ್ಲ.

ಅರ್ಜಿ ಹಾಕುವವರಿಗೆ ಒಂದು ಎಚ್ಚರಿಕೆ. ಪೇಟೆಯಲ್ಲಿ ಏಜೆಂಟರು ಹುಟ್ಟಿಕೊಂಡಿದ್ದಾರೆ: ಬಡ್ಡಿಗೆ ಹಣ ತಂದು ನಿಮ್ಮ ಖಾತೆಯಲ್ಲಿ ನಾಲ್ಕು ದಿನ ಇಟ್ಟು ತೋರಿಸುವವರು, ಇಲ್ಲದ ಕಂಪನಿಯ ಸಂಬಳ ಚೀಟಿ ಅಚ್ಚು ಹಾಕಿಸುವವರು. ಅವರ ಬಳಿ ಹೋಗಬೇಡಿ. ಬ್ರಿಟನ್ನಿನಲ್ಲಿ ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದವನಿಗೆ ಹತ್ತು ವರ್ಷ ಬಾಗಿಲು ಮುಚ್ಚುತ್ತದೆ, ಅಮೆರಿಕದಲ್ಲಿ ಆಜೀವ ಮುಚ್ಚಬಹುದು. ಸತ್ಯ ಹೇಳಿ ತಿರಸ್ಕೃತನಾದವನ ಜೊತೆ ನಾವು ನಿಲ್ಲಬಲ್ಲೆವು, ಸುಳ್ಳು ಹೇಳಿದವನ ಜೊತೆ ನಿಲ್ಲಲಾರೆವು.

ದೆಹಲಿಯಿಂದ ನಾವು ಕೇಳುವುದು ಇಷ್ಟು. ಯೂರೋಪಿನವರೊಡನೆ ವ್ಯಾಪಾರದ ಮಾತಿಗೆ ಕುಳಿತಾಗಲೆಲ್ಲ ಮೋಟಾರು ಕಾರು, ಮದ್ಯಗಳ ಸುಂಕದ ಜೊತೆಗೆ ಈ ಶುಲ್ಕದ ಮಾತನ್ನೂ ಎತ್ತಲಿ: ವೀಸಾ ಕೊಡದಿದ್ದರೆ ಹಣ ವಾಪಸು. ತಿರಸ್ಕರಿಸಿದರೆ ಚೌಕದ ಗುರುತಲ್ಲ, ಕಾರಣ ಬರೆಯಲಿ, ಅರ್ಜಿದಾರನ ಭಾಷೆಯಲ್ಲಿ ಬರೆಯಲಿ. ಬೆರಳಚ್ಚಿಗೆ ಬೆಂಗಳೂರಿಗೇ ಓಡಿಸದೆ, ಪಾಸ್‌ಪೋರ್ಟು ಕೊಡುವ ಅಂಚೆ ಕಚೇರಿಗಳಲ್ಲೇ ವ್ಯವಸ್ಥೆಯಾಗಲಿ. ಓದದವನ ಪಾಸ್‌ಪೋರ್ಟಿನ ಮುದ್ರೆ ಅಳಿಸಲಿ. ಏಜೆಂಟರನ್ನು ಹಿಡಿಯಬೇಕಾದರೆ ಏಜೆಂಟರನ್ನು ಹಿಡಿಯಲಿ.

ನಿರಾಕರಣೆಯ ಕಾಗದ ಬಂದವರು ಅದನ್ನು ಹರಿದೆಸೆಯಬೇಡಿ. ಆ ನಿರಾಕರಣೆ ಅವರ ದಾಖಲೆಯಲ್ಲಿ ಐದು ವರ್ಷ ಉಳಿಯುತ್ತದೆ. ಮುಂದೆ ಬ್ರಿಟನ್ನಿಗೆ ಅರ್ಜಿ ಹಾಕಿದರೆ, ಹಿಂದೆ ಯಾವ ದೇಶವಾದರೂ ನಿರಾಕರಿಸಿತ್ತೆ ಎಂದು ಕೇಳುತ್ತಾರೆ, ನಿಜವನ್ನೇ ಬರೆಯಬೇಕು. ಕಾಗದದ ನಕಲನ್ನು, ಕಟ್ಟಿದ ಶುಲ್ಕದ ರಸೀತಿಯನ್ನು ಭಾನುವಾರ ಬೆಳಿಗ್ಗೆ ಪಕ್ಷದ ಕಚೇರಿಗೆ ತಂದುಕೊಡಿ. ಈಗಾಗಲೇ ಒಂದು ಕಂತೆಯಾಗಿದೆ. ಅದನ್ನು ನಮ್ಮ ಲೋಕಸಭಾ ಸದಸ್ಯರ ಮನೆಗೆ ಒಯ್ಯುತ್ತೇವೆ. ಅವರ ಜೇಬಿನಲ್ಲಿರುವುದು ರಾಜತಾಂತ್ರಿಕ ಪಾಸ್‌ಪೋರ್ಟು. ಇಂಥ ಕಾಗದ ಹೇಗಿರುತ್ತದೆಂದು ಅವರು ನೋಡಿರಲಾರರು.